ಟವೆಲ್ಲಿನಡಿ ಕೊಂಡ ಮನೆ

೮ ಜನವರಿ ೧೯೮೪, ಜೇವರ್ಗಿ

ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಡೈರಿ ಕೊಟ್ಟಿದ್ದಾರೆ. ಪ್ರತಿ ಪುಟದ ಕೆಳಗೂ ಯೂರಿಯಾದ ಗುಣಗಾನವಿದೆ. ಇರಲಿ. ಇದರಲ್ಲಿ ನಾನು ಮನೆ ಕೊಂಡ ಬಗೆಯನ್ನು ಬರೆದಿಡಬೇಕೆಂದಿದ್ದೇನೆ. ಮುಂದೆ ಯಾರೂ ಓದದಿದ್ದರೂ ನಾನೇ ಓದಿ ಮೆಚ್ಚಿಕೊಳ್ಳಬಹುದು.

ನೌಕರರ ಗೃಹ ಸಂಘ ವಿಜಾಪುರ ರಸ್ತೆಯ ಹತ್ತಿರ ಕಟ್ಟಿಸುತ್ತಿರುವ ಹನ್ನೆರಡು ಮನೆಗಳಲ್ಲಿ ಏಳನೆಯದು ನಮ್ಮ ಪಾಲಿಗೆ ಬಂತು. ಹನ್ನೆರಡೂ ಒಂದೇ ಅಚ್ಚಿನವು. ಮೂರು ಬಾಗಿಲು, ಐದು ಕಿಟಕಿ, ಪಡಸಾಲೆಯ ಗೋಡೆಯಲ್ಲಿ ಒಂದು ಕಪಾಟು, ಮುಂದೆ ಹತ್ತಿ ಬರಲು ಮೂರು ಪಾವಟಿಗೆ. ಬೆಲೆಗೆ ಸಂಘ ಸೀಲು ಒತ್ತಿಬಿಟ್ಟಿದೆ, ಅದರಲ್ಲಿ ಏರಿಳಿತವಿಲ್ಲ. ಆದರೂ ತಹಸೀಲು ಕಚೇರಿಯ ಹೆಡ್ ಗುಮಾಸ್ತ ಜಗದೇವಪ್ಪ, ಅಂದರೆ ನಾನು, ಎಲ್ಲರಿಗೂ ಸಿಕ್ಕಷ್ಟೇ ತೆಗೆದುಕೊಂಡು ಸುಮ್ಮನಾದ ಎಂದರೆ ಜನ ಏನೆಂದಾರು?

ನನಗೆ ಬೇಕಾದದ್ದು ಆ ಕಪಾಟು. ನನ್ನ ಡೈರಿಗಳು ಬಾಡಿಗೆ ಮನೆಯಲ್ಲಿ ಜೋಳದ ಚೀಲದ ಮೇಲೆ ಬಿದ್ದುಕೊಂಡು ಇಲಿಗಳ ಹೊಟ್ಟೆ ಸೇರುತ್ತಿವೆ. ಸುಭದ್ರೆಯನ್ನೂ ಕೇಳಿದೆ, ನಿನಗೇನು ಬೇಕೆಂದು.

"ಹದಿನಾಕು ವರ್ಷ ಕತ್ತಲದಾಗ ರೊಟ್ಟಿ ಬಡದೀನ್ರಿ. ಅಡಗಿಮನಿಗಿ ಒಂದು ಕಿಡಕಿ ಇದ್ರ ಸಾಕು. ಬ್ಯಾರೆ ಏನೂ ಕೇಳೂದಿಲ್ಲ" ಅಂದಳು.

ಅವಳ ಕೆಮ್ಮು ತೊಗರಿ ಕಟ್ಟಿಗೆಯ ಹೊಗೆಯಿಂದಲೇ ಬಂದದ್ದೆಂದು ಡಾಕ್ಟರು ಹೇಳಿ ವರ್ಷವಾಯಿತು. ಗಾಳಿ ಇಲ್ಲದ ಅಡುಗೆಮನೆಯಲ್ಲಿ ಇನ್ನೆರಡು ವರ್ಷ ಕೂತರೆ ಔಷಧಿ ಕೊಟ್ಟೂ ಉಪಯೋಗವಿಲ್ಲ ಎಂದಿದ್ದರು. ಹೊಸ ಮನೆಯ ಅಡುಗೆಮನೆಗೆ ಮೂಡಣ ದಿಕ್ಕಿನ ಕಿಟಕಿ ನಕಾಶೆಯಲ್ಲೇ ಇದೆ. ಅವಳು ಕೇಳುವ ಮೊದಲೇ ಸಿಕ್ಕಾಯಿತು. ಇಷ್ಟು ಅಗ್ಗದ ಆಸೆಯ ಹೆಂಡತಿ ಸಿಗಲು ಪುಣ್ಯ ಬೇಕು.

೧೭ ಜನವರಿ

ಗುತ್ತೇದಾರ ಸೈದಪ್ಪನನ್ನು ಕಂಡೆ. ಇವನು ಮೊದಲು ಅಫಜಲಪುರದ ಸಂತೆಯಲ್ಲಿ ದನದ ದಲಾಲನಾಗಿದ್ದನಂತೆ. ಈಗಲೂ ಮನೆಯ ಗೋಡೆ ತಟ್ಟಿ ನೋಡುವಾಗ ಎತ್ತಿನ ಬೆನ್ನು ತಟ್ಟಿದಂತೆ ತಟ್ಟುತ್ತಾನೆ.

"ರೊಕ್ಕದ ಮಾತಿಲ್ರಿ ಸಾಹೇಬ್ರ. ಏನರ ಹೆಚ್ಚಿಗಿ ಬೇಕಂದ್ರ ಏನರ ಬಿಟ್ಟುಕೊಡಬೇಕು. ಬೇಕಾದ್ದು ಬಾಯಿಲೆ ಕೇಳ್ರಿ, ಕೊಡೂದು ಬೆರಳಿಲೆ. ಕೊಡೂದು ಮಂದಿಗಿ ಕಾಣಬಾರ್ದು" ಎಂದು, ದನದ ಸಂತೆಯಲ್ಲಿ ಬೆಲೆ ಕುದುರಿಸುವ ಹಾಗೆ, ಹೆಗಲ ಮೇಲಿನ ಟವೆಲ್ಲನ್ನು ನಮ್ಮಿಬ್ಬರ ಕೈಮೇಲೆ ಹಾಸಿದ. ಹೆಬ್ಬೆರಳು ಬಾಗಿಲು, ತೋರುಬೆರಳು ಕಿಟಕಿ, ನಡುಬೆರಳು ಕಪಾಟು, ಉಂಗುರ ಬೆರಳು ಪಾವಟಿಗೆ.

"ಹಿಡಿಯೋದು, ಒತ್ತೋದು, ಎಳಿಯೋದು ಎಲ್ಲಾ ನಿಮಗ ಗೊತ್ತದಲ್ರಿ?" ಎಂದು ಕೇಳಿದ.

"ಗೊತ್ತದ" ಅಂದೆ. ಗೊತ್ತಿರಲಿಲ್ಲ. ಆದರೆ ಮುನ್ನೂರು ಹಳ್ಳಿಯ ಪಹಣಿ ಬಲ್ಲವನು ಐದು ಬೆರಳಿಗಾಗಿ ಗುತ್ತೇದಾರನ ಮುಂದೆ ಬಾಯಿ ಬಿಡಬೇಕೆ? ನನ್ನ ಮಾವ ಮಲ್ಲಣ್ಣನವರೂ ಸರಸಂಬಾದಲ್ಲಿ ಇದೇ ದಲಾಲಿ ಮಾಡಿಕೊಂಡಿದ್ದವರು. ಕಚೇರಿಯಲ್ಲಿ ಅವರನ್ನು ಪ್ರಗತಿಪರ ರೈತರು ಎಂದು ಹೇಳಿಕೊಂಡು ಬಂದಿದ್ದೇನೆ. ಆ ಸಂಗತಿ ಇಲ್ಲಿ ಎತ್ತುವುದು ಸರಿಯಲ್ಲ.

೪ ಫೆಬ್ರವರಿ

ಜಯ! ಎಂಟನೇ ನಂಬರಿನ ಸರ್ವರಬೇಗಂ ಅವರ ಮನೆಗಿಂತ ನಮ್ಮ ಮನೆಯ ಬುನಾದಿ ಮೂರಡಿ ಎತ್ತರ ಬರಲಿದೆ. ಅವರು ಸರಕಾರಿ ದವಾಖಾನೆಯ ನರ್ಸು, ಒಳ್ಳೆಯವರು. ಎತ್ತರದಲ್ಲಿ ಒಳ್ಳೆಯತನದ ಪ್ರಶ್ನೆ ಬರುವುದಿಲ್ಲ.

"ಎತ್ತರ ಬೇಕು" ಎಂದು ಬಾಯಿಂದ ಕೇಳಿದೆ. ಟವೆಲ್ಲಿನಡಿ ಸೈದಪ್ಪ ನನ್ನ ಉಂಗುರ ಬೆರಳು ಮುಟ್ಟಿದ. ಪಾವಟಿಗೆಯೂ ಇರಬೇಕಲ್ಲ ಎಂದು ಕೇಳುತ್ತಿದ್ದಾನೆ, ಪಾಪ. ಇರಲಿ ಎಂದು ಗಟ್ಟಿಯಾಗಿ ಒತ್ತಿದೆ. ಅವನ ಮುಖದಲ್ಲಿ ಅಚ್ಚರಿ ಕಂಡಿತು. ಇಷ್ಟು ಬಿಗಿಯಾದ ಕೈ ಅವನು ಕಂಡಿರಲಿಕ್ಕಿಲ್ಲ.

೨೧ ಫೆಬ್ರವರಿ

ಈ ಸೈದಪ್ಪನಿಗೆ ವ್ಯಾಪಾರವೇ ತಿಳಿಯದು. ಕಿಟಕಿಗಳು ಮುಖ್ಯವೆಂದು ತಿಳಿಸಲು ಇವತ್ತೂ ತೋರುಬೆರಳನ್ನು ಎರಡು ಸಲ ಒತ್ತಿದೆ. ಹೋದ ವಾರವೂ ಎರಡು ಸಲ ಒತ್ತಿದ್ದೆ. ಒತ್ತಿದಾಗಲೆಲ್ಲ ಅವನು, "ಆತು ತಗೋರಿ, ಇನ್ನೊಂದು ಬಾಗಲಾ ನಿಮಗ" ಅನ್ನುತ್ತಾನೆ. ಕೇಳದೆಯೇ ನಾಲ್ಕು ಬಾಗಿಲು ಬಂದವು! ಒಟ್ಟು ಏಳಾದವು. ತಹಸೀಲ್ದಾರರ ಬಂಗಲೆಗೂ ಏಳಿಲ್ಲ, ಬೆಳಿಗ್ಗೆ ಎಣಿಸಿಕೊಂಡು ಬಂದೆ.

ಸುಭದ್ರೆ ರಾತ್ರಿ ಊಟಕ್ಕೆ ಬಡಿಸುತ್ತ, "ನನ್ನ ಕಿಡಕಿ ಅದಲ್ರಿ?" ಎಂದು ಕೇಳಿದಳು. ಏಳು ಬಾಗಿಲಿನ ಸುದ್ದಿ ಹೇಳಿದ ಮೇಲೂ ಕಿಟಕಿಯದೇ ಧ್ಯಾನ. ದೊಡ್ಡದನ್ನು ನೋಡುವ ಕಣ್ಣು ಎಲ್ಲರಿಗೂ ಇರುವುದಿಲ್ಲ.

೧೧ ಮಾರ್ಚ್

ಮುಂಬಾಗಿಲ ಮೇಲೆ ಹೆಸರಿನ ಕಲ್ಲು! ಶಹಾಬಾದ ಕಲ್ಲು, ಮೂರಡಿ ಉದ್ದ, ಎರಡಡಿ ಅಗಲ, "ಜಗದೇವ ನಿಲಯ" ಎಂದು ಆಳವಾಗಿ ಕೆತ್ತಿದ್ದು. ಹನ್ನೆರಡು ಮನೆಗಳಲ್ಲಿ ಇದು ನನಗೊಬ್ಬನಿಗೇ. ಸೈದಪ್ಪ ತೋರುಬೆರಳು ಹಿಡಿದು ಬಹಳ ಹೊತ್ತು ನನ್ನ ಮುಖ ನೋಡಿದ. "ಇದು ಕಡೀದರಿ ಸಾಹೇಬ್ರ. ಮನಿಯೊಳಗ ಕೇಳಿರೇನು?" ಅಂದ. ಮನೆಯಲ್ಲಿ ಏಕೆ ಕೇಳಬೇಕು? ಒತ್ತಿದೆ.

೨೫ ಮಾರ್ಚ್

ಗೋಡೆಗಳು ಎದ್ದಿವೆ. ಇವತ್ತು ರವಿವಾರವೆಂದು ಸುಭದ್ರೆಯನ್ನು ಕರೆದುಕೊಂಡು ಹೋದೆ.

ಒಳಗೆ ಹೋಗಲಾಗಲಿಲ್ಲ. ಮನೆ ಎದೆಯೆತ್ತರದಲ್ಲಿ ನಿಂತಿದೆ, ಪಾವಟಿಗೆ ಇಲ್ಲ. ಗೌಂಡಿಗಳ ಏಣಿ ಹಾಕಿಸಿ ಹತ್ತಿದೆವು. ಪಡಸಾಲೆಯ ಮುಂದಿನ ಗೋಡೆಯಲ್ಲಿ ಸಾಲಾಗಿ ನಾಲ್ಕು ಬಾಗಿಲುಗಳ ಚೌಕಟ್ಟು. ಒಂದು ಚೌಕಟ್ಟು ಪಡಸಾಲೆಯ ನಡುಮಧ್ಯೆ ಗೋಡೆಯೇ ಇಲ್ಲದೆ ಒಂಟಿಯಾಗಿ ನಿಂತಿದೆ. ಗೋಡೆ ಸಾಲಲಿಲ್ಲವಂತೆ. ಅಡುಗೆಮನೆಯಲ್ಲಿ ಸುಭದ್ರೆ ನಾಲ್ಕೂ ಕಡೆ ತಿರುಗಿ ನೋಡಿದಳು. ಕಿಟಕಿ ಇರಲಿಲ್ಲ. ಇಡೀ ಮನೆಯಲ್ಲಿ ಒಂದೂ ಕಿಟಕಿ ಇರಲಿಲ್ಲ.

ಅವಳನ್ನು ಮನೆಗೆ ಕಳಿಸಿ ಸೈದಪ್ಪನನ್ನು ಹಿಡಿದೆ.

"ಬೆರಳು ಎಳದ್ರ ಬೇಕು ಅಂತರಿ, ಒತ್ತಿದ್ರ ಕೊಟ್ಟೆ ಅಂತ" ಎಂದು ಶಾಂತವಾಗಿ ಹೇಳಿದ. "ಪಾವಟಿಗಿ ಒತ್ತಿದ್ರಿ, ಎತ್ತರ ಕೊಟ್ಟೆ. ನಾಕು ಕಿಡಕಿ ಒತ್ತಿದ್ರಿ. ಬಿಟ್ಟಿ ತಗೊಳ್ಳೋ ಮನಷ್ಯಾ ನಾನಲ್ಲ, ನಾಕು ಬಾಗಲಾ ಕೊಟ್ಟೆ. ಐದನೇದು ಅಡಗಿಮನಿದು. ಅದಕ್ಕ ನಿಮ್ಮ ಹೆಸರಿನ ಕಲ್ಲ ಬಂತು. ಇಡೀ ಕೈ ಮುಷ್ಟಿಯೊಳಗ ಹಿಡದಿದ್ರ ನಾ ಮುಟ್ಟತಿದ್ದಿಲ್ರಿ. ಹಂಗಂದ್ರ ಇದು ಮಾರೂದಿಲ್ಲ, ಏನ ಕೊಟ್ರೂ ಮನಿಗಿ ಹೊಡಕೊಂಡ ಹೋಗ್ತೇನಿ ಅಂತ. ನೀವು ಹಿಡೀಲಿಲ್ಲ."

ಹಾಗಿದ್ದರೆ ಅಡುಗೆಮನೆಯ ಮೂಡಣ ಗೋಡೆಗೆ ಒಂದು ಬಾಗಿಲನ್ನಾದರೂ ಇಡು, ಹೊಗೆ ಹೋಗಲಿ ಎಂದೆ. ಪಕ್ಕದ ಮನೆಯ ಕಡೆಗೆ ಬಾಗಿಲು ತೆಗೆಯಬಾರದೆಂದು ಸಂಘದ ನಿಯಮವಿದೆ ಎಂದು ಕಾಗದ ತೋರಿಸಿದ. ಆ ನಿಯಮದ ಕರಡು ಬರೆದವನು ನಾನೇ. ಭಾಷೆ ಬಹಳ ಬಿಗಿಯಾಗಿದೆ, ಎಲ್ಲೂ ಸಂದು ಸಿಗಲಿಲ್ಲ.

ನಮ್ಮ ಐದನೇ ಕಿಟಕಿ ಸರ್ವರಬೇಗಂ ಅವರ ಪಾಲಿಗೆ ಹೋಗಿದೆಯಂತೆ. ಅವರು ಅಲ್ಲೇ ನಿಂತಿದ್ದರು.

"ಅರೇ ಭಾಯಿಸಾಬ್, ನನಗ ಆರು ಕಿಡಕಿ ಏನ್ ಮಾಡ್ಲಿಕ್ಕ? ತಗೋರಿ. ಬದಲಿಗಿ ನನಗ ಬಟ್ಟಿ ಒಗಿಯೋ ಕಲ್ಲ ಬೇಕಾಗ್ಯಾದ. ನಿಮ್ಮ ಹೆಸರಿನ ಕಲ್ಲ ಛಲೋ ಅಗಲ ಅದ. ಅಕ್ಷರದ ಮ್ಯಾಲ ತಿಕ್ಕಿದ್ರ ಕೊಳಿ ಲಗೂ ಹೋಗ್ತದ" ಅಂದರು.

ನನ್ನ ಹೆಸರಿನ ಮೇಲೆ ಬಟ್ಟೆ ಒಗೆಯುವುದೆ! ಆಗುವುದಿಲ್ಲ ಎಂದು ಬಂದುಬಿಟ್ಟೆ.

ಮನೆಗೆ ಬಂದು ಸುಭದ್ರೆಗೆ, "ಅಲ್ಲಿ ಕಿಡಕಿ ಇಟ್ರ ಮನಿ ಆಯಕ್ಕ ಬರೂದಿಲ್ಲಂತ. ಸೈದಪ್ಪ ಶಾಸ್ತ್ರ ಕೇಳಸ್ಯಾನ" ಅಂದೆ. ಸುಳ್ಳು ಹೇಳಿದೆ. ಡೈರಿಯಲ್ಲಾದರೂ ನಿಜ ಬರೆಯಬೇಕು.

೨೬ ಮಾರ್ಚ್

ಸುಭದ್ರೆ ಒಂದೇ ಮಾತು ಅಂದಳು. "ಮಂದಿಗಿ ನಿಮ್ಮ ಎತ್ತರ ಕಾಣಸ್ತದ. ನಂಗ ಬೆಳಕ ಕಾಣಬೇಕಾಗಿತ್ತು."

ಮತ್ತೆ ಕೆಮ್ಮಿದಳು.

೬ ಏಪ್ರಿಲ್

ಸುಭದ್ರೆ ತವರಿಗೆ ಹೋದಳು. ಸಿಟ್ಟಿನಿಂದಲ್ಲ ಎಂದಳು. ನಾಲ್ಕು ದಿನ ಅಪ್ಪನ ಮನೆಯ ಅಂಗಳದ ಗಾಳಿ ಕುಡಿದು ಬರುತ್ತಾಳಂತೆ. ಬಸ್ಸು ಹತ್ತಿಸಿ ಬಂದೆ. ಕಿಟಕಿಯ ಪಕ್ಕದ ಸೀಟು ಕೇಳಿ ಕೂತಳು.

೮ ಏಪ್ರಿಲ್

ಖಾನಾವಳಿಗೆ ರಜೆ. ಹೆಣ್ಣುಮಕ್ಕಳು ದಿನಾ ಮಾಡುವ ಕೆಲಸ, ಅದರಲ್ಲಿ ಏನು ಮಹಾ ಎಂದು ನಾನೇ ಒಲೆ ಹಚ್ಚಿದೆ. ತೊಗರಿ ಕಟ್ಟಿಗೆ ಮೊದಲು ಉರಿಯುವುದಿಲ್ಲ, ಹೊಗೆಯುತ್ತದೆ. ಊದಿದೆ. ಹೊಗೆ ಮಾಡು ಮುಟ್ಟಿ ದಾರಿ ಕಾಣದೆ ತಿರುಗಿ ನನ್ನ ಮುಖಕ್ಕೇ ಬಂತು. ಮೊದಲ ರೊಟ್ಟಿ ಹರಿಯಿತು. ಎರಡನೆಯದು ಎಲ್ಲಿದೆ ಎಂದೇ ಕಾಣಲಿಲ್ಲ. ಕೆಮ್ಮುತ್ತ ಅಂಗಳಕ್ಕೆ ಓಡಿಬಂದು ಕೂತೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಅಂಚೆಯವನು ನಿಂತು, "ಯಾರ್ ತೀರ್ಕೊಂಡ್ರಿ ಸಾಹೇಬ್ರ?" ಎಂದು ಕೇಳಿದ.

ಹದಿನಾಲ್ಕು ವರ್ಷಕ್ಕೆ, ದಿನಕ್ಕೆ ಎರಡು ಸಲದಂತೆ, ಎಷ್ಟು ಸಲವಾಯಿತೆಂದು ಲೆಕ್ಕ ಹಾಕಲು ಕೂತೆ. ಹೆಡ್ ಗುಮಾಸ್ತನಾದರೂ ಲೆಕ್ಕ ಮುಗಿಸಲು ಮನಸ್ಸಾಗಲಿಲ್ಲ. ಬಾಳೆಹಣ್ಣು ತಿಂದು ಮಲಗಿದೆ.

೧೧ ಏಪ್ರಿಲ್

ಸೈದಪ್ಪನ ಹತ್ತಿರ ಹೋಗಿ ಎಳೆದೆ. ತೋರುಬೆರಳನ್ನು ಲಟಿಕೆ ಬರುವಷ್ಟು ಎಳೆದೆ.

"ಬೆರಳ ಕಿತ್ತೀರಿ! ಬದಲಿಗಿ ಏನ ಕೊಡ್ತೀರಿ?" ಅಂದ.

ಬಾಗಿಲು ಕೊಡುತ್ತೇನೆಂದೆ. ಬಾಗಿಲು ಯಾರಿಗೂ ಬೇಡವಂತೆ, ನನ್ನ ಬಿಟ್ಟು. ಎತ್ತರ ಕೊಡುತ್ತೇನೆಂದೆ. ಕಟ್ಟಿದ ಎತ್ತರವನ್ನು ಕೆತ್ತಿ ಕೊಡಲು ಬರುವುದಿಲ್ಲವಂತೆ. ಕೊನೆಗೆ ನನ್ನ ಹೆಸರಿನ ಕಲ್ಲಿನ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದ. ಬರುತ್ತೇನೆಂದು ಎದ್ದುಬಂದೆ. ಕಲ್ಲಿಗೆ ನನ್ನ ಹೆಸರು ಬಹಳ ಚೆನ್ನಾಗಿ ಒಪ್ಪುತ್ತದೆ, ಅದೇ ತೊಂದರೆ.

೨೦ ಏಪ್ರಿಲ್

ಸುಭದ್ರೆ ಬಂದಳು. ಕೆಮ್ಮು ಅರ್ಧಕ್ಕಿಳಿದಿದೆ. ಚೀಲದಿಂದ ಕೆಂಪಂಚಿನ ಹಳೆಯ ಟವೆಲ್ ತೆಗೆದು ಗೂಟಕ್ಕೆ ಹಾಕಿದಳು. ಮಾವನವರದು.

ಅವಳು ಕೇಳದೆಯೇ ನಾನು ಎಲ್ಲ ಹೇಳಿಬಿಟ್ಟೆ. ಬೆರಳಿನ ಸಂಗತಿ, ಕಲ್ಲಿನ ಸಂಗತಿ, ಆಯದ ಸುಳ್ಳು, ಹರಿದ ರೊಟ್ಟಿ. ರೊಟ್ಟಿಯದನ್ನು ಕೇಳಿ ನಕ್ಕಳು.

"ಆಯದ್ದು ಸುಳ್ಳಂತ ಅವತ್ತೇ ಗೊತ್ತಿತ್ತು. ಸಣ್ಣಾಕಿದ್ದಾಗ ಆಳಂದ ಸಂತಿಯೊಳಗ ಅಪ್ಪನ ಬಾಜೂಕ ಕುಂತು ಈ ಬೆರಳಿನಾಟ ಕಲತೀನ್ರಿ. ಅಪ್ಪಗ ಕಣ್ಣ ಮಂಜಾದ ಮ್ಯಾಲ ಅವನ ಹಿಂದ ಕುಂತು ನಾನೇ ಹೇಳಿಕೊಡತಿದ್ದೆ."

"ಮತ್ತ ನನಗ ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು? ದಲಾಲನ ಮಗಳು ಅಂತ ಯಾರಿಗೂ ಹೇಳಬ್ಯಾಡ ಅಂದಾವ್ರು ನೀವೇ."

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕಚೇರಿಯ ಟಿಪ್ಪಣಿಯಲ್ಲಿ ಎಷ್ಟೋ ಸಲ ಬಳಸಿದ್ದೇನೆ. ಬಹಳ ಚೆನ್ನಾಗಿ ಬಳಸಿದ್ದೇನೆ.

೨೨ ಏಪ್ರಿಲ್

ಇನ್ನು ಚೌಕಾಸಿ ತಾನೇ ಮಾಡುತ್ತೇನೆಂದಳು ಸುಭದ್ರೆ. ಆದರೆ ಪರಗಂಡಸು ಸೈದಪ್ಪನ ಕೈ ಹಿಡಿಯುವುದು ಹೇಗೆ? ಸೈದಪ್ಪನೇ ನಾಚಿಕೊಂಡು ತನ್ನ ತಾಯಿ ಸಾಬವ್ವನನ್ನು ಎತ್ತಿನ ಗಾಡಿಯಲ್ಲಿ ಕರೆತಂದ. ಎಪ್ಪತ್ತು ದಾಟಿದ ಮುದುಕಿ, ದವಡೆಯಲ್ಲಿ ಹೊಗೆಸೊಪ್ಪು. ಮಗನಿಗೆ ದಲಾಲಿ ಕಲಿಸಿದವಳು ಅವಳೇ ಅಂತೆ.

ಇಬ್ಬರೂ ಉಸುಕಿನ ಗುಡ್ಡೆಯ ಮೇಲೆ ಕೂತರು. ಸುಭದ್ರೆ ತನ್ನಪ್ಪನ ಟವೆಲ್ ಹಾಸಿದಳು.

"ಯಾರ ಮಗಳಬೇ ನೀ?"

"ಸರಸಂಬಾದ ಮಲ್ಲಣ್ಣನ ಮಗಳರಿ, ಆಯಿ."

"ಅಯ್ಯ ಶಿವನೇ! ಅಂವ ಮುದಿ ಹೋರಿ ಹಲ್ಲ ತಿಕ್ಕಿ ನನಗ ಟೋಪಿ ಹಾಕಿದ್ದ! ತಾ ಕೈ."

ಆಮೇಲೆ ಮಾತಿಲ್ಲ. ಟವೆಲ್ ಮಾತ್ರ ಕೆಳಗೆ ಬೆಕ್ಕು ಸೇರಿಕೊಂಡಂತೆ ಅಲ್ಲಾಡುತ್ತಿತ್ತು. ನಾನು, ಸೈದಪ್ಪ, ಸರ್ವರಬೇಗಂ, ಆರು ಜನ ಗೌಂಡಿಗಳು ಸುತ್ತ ನಿಂತು ಆ ಬಟ್ಟೆಯನ್ನೇ ನೋಡಿದೆವು. ಸಾಬವ್ವ ಹೊಗೆಸೊಪ್ಪು ಉಗುಳಿದಳು. ಸುಭದ್ರೆ ಬೆವರೊರೆಸಿಕೊಂಡಳು. ಒಂದು ಸಲ ಸಾಬವ್ವ ಏನನ್ನೋ ಹಿಡಿದು ಬಿಡದೆ ಎಳೆದಳು. ಸುಭದ್ರೆಯ ಕೈ ಟವೆಲ್ಲಿನೊಳಗೆ ಒಮ್ಮೆಲೆ ಮುಚ್ಚಿಕೊಂಡಿತು. ಮುದುಕಿ ಮತ್ತೆ ಎಳೆದಳು. ಮತ್ತೆ ಮುಚ್ಚಿಕೊಂಡಿತು. ಮೂರನೆಯ ಸಲಕ್ಕೆ ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಂವಗ ಇಷ್ಟ ಮಾಡ್ತೀ ಏನಬೇ?" ಅಂದಳು.

ಸೈದಪ್ಪ ಎದ್ದು ನಿಂತು ತೀರ್ಮಾನ ಕೂಗಿ ಹೇಳಿದ. ಮೂರು ಬಾಗಿಲು ಸಾಬವ್ವನ ದನದ ಕೊಟ್ಟಿಗೆಗೆ. ಬದಲಿಗೆ ನಮಗೆ ಪಾವಟಿಗೆ ಮತ್ತು ಎರಡು ಕಿಟಕಿ. ಆ ಎರಡು ಕಿಟಕಿ ಯಾರ ಮನೆಯವೆಂದು ಸಾಬವ್ವ ಹೇಳಲಿಲ್ಲ, ನಾವೂ ಕೇಳಲಿಲ್ಲ. ಜಗದೇವ ನಿಲಯದ ಕಲ್ಲು ಸರ್ವರಬೇಗಂ ಅವರ ಒಗೆಯುವ ಜಾಗಕ್ಕೆ. ಅವರ ಆರನೇ ಕಿಟಕಿ ನಮ್ಮ ಅಡುಗೆಮನೆಗೆ.

ಕಲ್ಲನ್ನು ನಾನೂ ಒಂದು ಕಡೆ ಹಿಡಿದು ಸಾಗಿಸಿದೆ. ಕಲ್ಲು ನಾನೆಣಿಸಿದ್ದಕ್ಕಿಂತ ಭಾರವಿತ್ತು.

೧೪ ಜೂನ್

ಗೃಹಪ್ರವೇಶವಾಯಿತು. ಪಾವಟಿಗೆ ಹತ್ತಿ ಒಳಗೆ ಹೋದೆವು. ಒಂದು ಬಾಗಿಲು ಹೆಚ್ಚಿಗೆ ಉಳಿದಿದೆ, ಪಡಸಾಲೆಯ ನಡುವಿನದು. ಸುತ್ತಿಕೊಂಡು ಹೋಗಲು ಜಾಗವಿದ್ದರೂ ಎಲ್ಲರೂ ಅದನ್ನು ತೆರೆದೇ ದಾಟಿದರು. ತಹಸೀಲ್ದಾರರು ಬಾಗಿಲು ತಟ್ಟಿ, ಒಳಗೆ ಬರಬಹುದೇ ಎಂದು ಕೇಳಿ ಪಡಸಾಲೆಯಿಂದ ಪಡಸಾಲೆಗೆ ಬಂದರು.

ಊಟದ ಪಂಕ್ತಿಯಲ್ಲಿ ಅವರು ಮಾವನವರನ್ನು ತೋರಿಸಿ ಯಾರೆಂದು ಕೇಳಿದರು. "ನಮ್ಮ ಮಾವ್ರು ಸರ್. ಸರಸಂಬಾದ ದೊಡ್ಡ ದನದ ದಲಾಲರು" ಅಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದೆನೆಂದು ಕಾಣುತ್ತದೆ, ಮಾವನವರು ಅನ್ನ ಕಲಸುವುದು ನಿಲ್ಲಿಸಿ ಮಂಜುಗಣ್ಣಿನಿಂದ ಈ ಕಡೆ ನೋಡಿದರು.

೧ ಜುಲೈ

ರವಿವಾರ. ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ, ಇಲ್ಲಿ ಬೆಳಕು ಚೆನ್ನಾಗಿದೆ. ಆಚೆ ಸರ್ವರಬೇಗಂ ಬಟ್ಟೆ ಒಗೆಯುತ್ತಿದ್ದಾರೆ. ಕಲ್ಲಿನ ಮೇಲಿನ ಅಕ್ಷರ ಇಲ್ಲಿಂದ ಸ್ಪಷ್ಟವಾಗಿ ಕಾಣುತ್ತದೆ.

"ಭಾಯಿಸಾಬ್, ನಿಮ್ಮ ಹೆಸರು ಭಾಳ ಗಟ್ಟಿ ಅದರಿ! ಎಷ್ಟ ಬಡದ್ರೂ ಅಳಸವಲ್ದು!" ಎಂದು ಕೂಗಿದರು. ಕೈ ಮುಗಿದೆ.

ಅಂಚೆಯವನು ನಮ್ಮ ಮನೆಗೆ ಈಗ ಕಿಡಕಿ ಅಕ್ಕನ ಮನೆ ಅನ್ನುತ್ತಾನಂತೆ. ಸುಭದ್ರೆ ಕೆಮ್ಮಿ ಹತ್ತು ದಿನಗಳ ಮೇಲಾಯಿತು. ಲೆಕ್ಕ ಇಟ್ಟಿಲ್ಲ, ಸುಮ್ಮನೆ ನೆನಪಿದೆ.

ಅವತ್ತು ಸಾಬವ್ವ ಮೂರು ಸಲ ಎಳೆದದ್ದು ಏನೆಂದು ಇವತ್ತು ಕೇಳಿದೆ. ಸುಭದ್ರೆ ಮೆಂತೆ ಸೋಸುತ್ತ ತಲೆ ಎತ್ತದೆ ಹೇಳಿದಳು.

"ನಡುಬೆರಳರಿ. ನಿಮ್ಮ ಡೈರಿ ಇಡೋ ಕಪಾಟ. ಅದನ್ನ ಕೊಟ್ರ ಕಿಡಕಿನೂ ಕೊಡ್ತೇನಿ, ನಿಮ್ಮ ಕಲ್ಲೂ ಬಾಗಲ ಮ್ಯಾಲೇ ಇರ್ಲಿ ಅಂತ ಬೆರಳಿಲೇ ಅಂದಳು ಮುದಕಿ. ನಾ ಮುಷ್ಟಿ ಹಿಡದೆ."

ಮುಷ್ಟಿ ಹಿಡಿದರೆ ಏನೆಂದು ಸೈದಪ್ಪ ನನಗೆ ಹೇಳಿದ್ದ. ನಾನು ಅವಳ ಕಿಟಕಿಯನ್ನು ಒಂದೇ ಒತ್ತಿಗೆ ಕೊಟ್ಟುಬಂದವನು. ಬಹಳ ನಾಚಿಕೆಯಾಯಿತು. ಎದ್ದು ಪಡಸಾಲೆಗೆ ಹೋಗಿ ಆ ಕಪಾಟು ನೋಡಿದೆ. ಅದರಲ್ಲಿ ಅವಳ ಮಸಾಲೆಯ ಡಬ್ಬಿಗಳೂ ಹಪ್ಪಳದ ಬುಟ್ಟಿಯೂ ತುಂಬಿವೆ. ಹೋದ ತಿಂಗಳು ಅವುಗಳನ್ನು ಜೋಡಿಸಿ ಇಟ್ಟವನು ನಾನೇ, ಈಗ ನೆನಪಾಯಿತು. ನನ್ನ ಡೈರಿಗಳೆಲ್ಲ ಈ ಕಿಟಕಿಯ ಕಟ್ಟೆಯ ಮೇಲಿವೆ.

ಸಂಜೆಯ ಚಹಾ ಯಾರು ಮಾಡಬೇಕೆಂದು ಚೌಕಾಸಿ ನಡೆಯಿತು. ಕೆಂಪಂಚಿನ ಟವೆಲ್ ಹಾಸಿದೆವು. ಎಳೆಯಬೇಕೋ ಒತ್ತಬೇಕೋ ನನಗಿನ್ನೂ ಗೊಂದಲವೇ. ಸೋತೆ. ಒಲೆ ಹಚ್ಚಿ ಊದಿದೆ. ಹೊಗೆ ಎದ್ದು ಮಾಡಿನವರೆಗೆ ಹೋಗಿ, ತಿರುಗಿ, ಕಿಟಕಿಯಿಂದ ಹೊರಗೆ ಹೋಯಿತು.